ಹೊಲದಲ್ಲಿ ಸಿಕ್ಕ ಹಿತ್ತಾಳೆ ಬಿಲ್ಲೆ: ಕೊನೆಯಲ್ಲಿ ಎರಡು 'ಆರ್' ಇದೆಯಾ, ಮೂರಾ? ಗೊತ್ತಿರುವವರು ನೋಡಿ ಹೇಳಿ

ಹೊಲದಂಚು
ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ರಾಜ್ಯದಲ್ಲಿ, ಹಳೇ ರೈಲು ದಾರಿಯಿಂದ ಸ್ವಲ್ಪ ದೂರದ ಒಂದು ಹೊಲದಲ್ಲಿ ಮಾಲೀಕರ ಒಪ್ಪಿಗೆ ತಗೊಂಡು ಮೆಟಲ್ ಡಿಟೆಕ್ಟರ್ ಆಡಿಸುತ್ತಿದ್ದೆ. ಒಂದು ಗೇಣು ಆಳದಲ್ಲಿ ಈ ಬಿಲ್ಲೆ ಸಿಕ್ಕಿತು. ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಚಿನಲ್ಲಿ ಮಣ್ಣು ಉದುರಿದ ಕಡೆ ಹಳದಿ ಕಾಣಿಸುತ್ತದೆ, ಹಾಗಾಗಿ ಹಿತ್ತಾಳೆ ಅಂದುಕೊಂಡಿದ್ದೇನೆ. ಎತ್ತರ ಸುಮಾರು 5 ಸೆಂ.ಮೀ., ಅಗಲ 4 ಸೆಂ.ಮೀ. ಕೆಳಭಾಗ ದುಂಡಗಿದೆ, ಮೇಲ್ಭಾಗ ಚಪ್ಪಟೆ. ಚಪ್ಪಟೆ ಕಡೆ ಅಡ್ಡಕ್ಕೆ ಒಂದು ಉದ್ದ ಸೀಳು ಇದೆ. ದುಂಡು ತೂತಲ್ಲ, ಸೀಳು.

ಅಕ್ಷರಗಳು ಕಮಾನಿನ ಥರ ಬಾಗಿ ಬಂದಿವೆ. ಶುರುವಿಗೆ ಇಂಗ್ಲಿಷಿನ 'ಎನ್', 'ವೈ' ಚೆನ್ನಾಗಿ ಕಾಣುತ್ತವೆ. ಆಮೇಲೆ ನೇಗಿಲು ತಾಗಿದ ಗೀರು, ಅದರ ಮೇಲೆ ಹಸಿರು ಕಿಲುಬು. ಅದು ದಾಟಿದ ಮೇಲೆ '&' ಥರದ್ದೊಂದು, 'ಎಚ್', 'ಆರ್', 'ಆರ್'. ಅಲ್ಲಿಂದ ಮುಂದೆ ಇನ್ನೊಂದು ಅಕ್ಷರ ಇದೆಯೋ ಬರೀ ಗೀರೋ ಗೊತ್ತಾಗುತ್ತಿಲ್ಲ. ಕೆಳಗೆ ಸಂಖ್ಯೆ: 7, 4, ಮಸುಕಾದ ಒಂದು ಅಂಕಿ, 8. ಹಿಂಬದಿ ಪೂರ್ತಿ ಕಿಲುಬು. ಏನಿದು? ಯಾವ ಕಾಲದ್ದು?

ನೀಲಿಬೆಟ್ಟ
ಅದ್ಭುತ! ಸೈನಿಕರ ಗುರುತಿನ ಬಿಲ್ಲೆ ಇರಬಹುದಾ? ಅಮೆರಿಕದ ಅಂತರ್ಯುದ್ಧದ ಕಾಲದ್ದು? ಸಂಖ್ಯೆ ಬೇರೆ ಇದೆ.

ಕೀಲಿಕೈ
ನಿಂಬೆರಸದಲ್ಲಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಉಜ್ಜಿ. ಅಕ್ಷರ ತಾನಾಗೇ ಕಾಣುತ್ತದೆ.

ತಾಮ್ರಪಟ
@ಹೊಲದಂಚು, ದಯವಿಟ್ಟು ನಿಂಬೆರಸ ಬೇಡ. ವಿನೆಗರ್, ಹುಣಸೆಹಣ್ಣು, ಪಾತ್ರೆ ಹೊಳಪಿಸುವ ಪೇಸ್ಟ್, ತಂತಿ ಬ್ರಷ್, ಯಾವುದೂ ಬೇಡ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ನೂರಾರು ವರ್ಷ ಮಣ್ಣಲ್ಲಿದ್ದ ಹಿತ್ತಾಳೆಯ ಮೈಯಿಂದ ಸತು ಆಗಲೇ ಅಷ್ಟಿಷ್ಟು ಹೊರಟು ಹೋಗಿರುತ್ತದೆ. ಆಮ್ಲ ಹಾಕಿದರೆ ಉಳಿದದ್ದೂ ಹೋಗಿ ಮೈ ಗುಲಾಬಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನೋಡಲು ಹೊಳೆಯುತ್ತದೆ ನಿಜ, ಆದರೆ ಸಣ್ಣ ಅಕ್ಷರಗಳ ಅಂಚು ಕಿಲುಬಿನ ಪದರದಲ್ಲೇ ಉಳಿದಿರುತ್ತದೆ. ಪದರ ಹೋದರೆ ಅಕ್ಷರವೂ ಹೋಯಿತು. ಒಂದು ಸಲ ಹೋದದ್ದು ವಾಪಸ್ ಬರುವುದಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ಡಿಸ್ಟಿಲ್ಡ್ ನೀರಲ್ಲಿ ನೆನೆಸಿಡಿ, ನೀರು ಬದಲಾಯಿಸುತ್ತಾ ಇರಿ. ಮಣ್ಣು ಮೆತ್ತಗಾದ ಮೇಲೆ ಹಲ್ಲುಕಡ್ಡಿಯ ಮರದ ತುದಿಯಿಂದ ನಿಧಾನವಾಗಿ ತೆಗೆಯಿರಿ. ಮಣ್ಣು ಮಾತ್ರ, ಕಿಲುಬು ಅಲ್ಲ. ಪೂರ್ತಿ ಒಣಗಿಸಿ. ಆಮೇಲೆ ಕತ್ತಲೆ ಕೋಣೆಯಲ್ಲಿ ಮೇಜಿನ ಮೇಲಿಟ್ಟು, ಟಾರ್ಚನ್ನು ಬಿಲ್ಲೆಯ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಮೇಲಿನಿಂದ ಬಿಟ್ಟರೆ ಏನೂ ಕಾಣುವುದಿಲ್ಲ. ಪಕ್ಕದಿಂದ ಬಂದ ಬೆಳಕಿಗೆ ಕೂದಲೆಳೆಯಷ್ಟು ಆಳದ ಗುರುತಿಗೂ ನೆರಳು ಬೀಳುತ್ತದೆ. ಕ್ಯಾಮೆರಾ ಅಲ್ಲಾಡಿಸಬೇಡಿ, ಟಾರ್ಚ್ ಮಾತ್ರ ಸುತ್ತಲೂ ತಿರುಗಿಸುತ್ತಾ ಹಲವು ಫೋಟೋ ತೆಗೆಯಿರಿ. ಒಂದು ಅಕ್ಷರದ ನೇರ ಗೆರೆ ಒಂದು ದಿಕ್ಕಿನಿಂದ ಮಾತ್ರ ಕಾಣುತ್ತದೆ, ಬಾಗಿದ ಗೆರೆ ಇನ್ನೊಂದು ದಿಕ್ಕಿನಿಂದ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜುವುದು ಗಟ್ಟಿ ಬಿಲ್ಲೆಗೆ ಸರಿ. ನಿಮ್ಮದರ ಮೈ ಉದುರುತ್ತಿದ್ದರೆ ಅದೂ ಬೇಡ.

@ನೀಲಿಬೆಟ್ಟ, ಅಂತರ್ಯುದ್ಧದಲ್ಲಿ ಸರ್ಕಾರ ಗುರುತಿನ ಬಿಲ್ಲೆ ಕೊಡುತ್ತಿರಲಿಲ್ಲ. 1864ರ ಕೋಲ್ಡ್ ಹಾರ್ಬರ್ ಕದನದ ಮುಂಚೆ ಸೈನಿಕರು ಹೆಸರು, ಊರು ಬರೆದ ಚೀಟಿಯನ್ನು ಕೋಟಿನ ಬೆನ್ನಿಗೆ ತಾವೇ ಸಿಕ್ಕಿಸಿಕೊಂಡಿದ್ದರು, ಸತ್ತರೆ ಮನೆಗೆ ಸುದ್ದಿಯಾದರೂ ಮುಟ್ಟಲಿ ಅಂತ. ಕಾಸಿದ್ದವರು ವ್ಯಾಪಾರಿಗಳಿಂದ ಬಿಲ್ಲೆ ಕೊಂಡು ಹೆಸರು ಕೆತ್ತಿಸಿಕೊಳ್ಳುತ್ತಿದ್ದರು. ಅದರಲ್ಲಿ ಹೆಸರು, ದಳ ಇರುತ್ತದೆ, ಬರೀ ಸಂಖ್ಯೆ ಅಲ್ಲ. ಅಮೆರಿಕದ ಸೇನೆ ಅಧಿಕೃತವಾಗಿ ಬಿಲ್ಲೆ ತಂದದ್ದು 1906ರಲ್ಲಿ. ಅದು ದುಂಡಗಿನ ಅಲ್ಯೂಮಿನಿಯಂ. 1916ರಲ್ಲಿ ಎರಡನೇ ಬಿಲ್ಲೆ ಸೇರಿತು, ಒಂದು ದೇಹದ ಜೊತೆ ಉಳಿಯಲು, ಇನ್ನೊಂದು ದಾಖಲೆಗೆ. ನಾವು ಸಿನಿಮಾದಲ್ಲಿ ನೋಡುವ ಉದ್ದನೆಯ ಬಿಲ್ಲೆ ಎರಡನೇ ಮಹಾಯುದ್ಧದ ಹೊತ್ತಿಗೆ ಬಂದದ್ದು. ಇಲ್ಲಿರುವುದು ಇವ್ಯಾವುದೂ ಅಲ್ಲ.

ಸೀಮೆಸುಣ್ಣ
ಗುಲಾಮರಿಗೆ ಕೊಡುತ್ತಿದ್ದ ಬಿಲ್ಲೆ ಅಂತ ಓದಿದ ನೆನಪು. ಅದೂ ಲೋಹದ್ದೇ, ಅದರಲ್ಲೂ ಸಂಖ್ಯೆ ಇರುತ್ತದೆ ಅಲ್ವಾ?

ತಾಮ್ರಪಟ
ಇರುತ್ತದೆ, ಆದರೆ ಇದು ಅದಲ್ಲ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಸಂಖ್ಯೆ ಇರುವ ತಗಡು ಸಿಕ್ಕಿದ ಕೂಡಲೇ ತುಂಬಾ ಜನ ಅಲ್ಲಿಗೇ ಹೋಗುತ್ತಾರೆ.

ಆ ಬಿಲ್ಲೆಗಳು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ್ದು. ಮಾಲೀಕ ತನ್ನ ಗುಲಾಮನನ್ನು ಬೇರೆಯವರ ಕೆಲಸಕ್ಕೆ ಬಾಡಿಗೆಗೆ ಕಳಿಸಬೇಕಾದರೆ ನಗರಸಭೆಗೆ ದುಡ್ಡು ಕಟ್ಟಿ ಪ್ರತಿ ವರ್ಷ ಹೊಸ ಬಿಲ್ಲೆ ತಗೊಳ್ಳಬೇಕಿತ್ತು. ಆ ಮನುಷ್ಯ ಅದನ್ನು ಮೈಮೇಲೆ ಹಾಕಿಕೊಂಡೇ ಬೀದಿಯಲ್ಲಿ ಓಡಾಡಬೇಕಿತ್ತು. ತಾಮ್ರದ ತಗಡು. ಜಾಸ್ತಿ ಸಿಗುವ ಆಕಾರ ಚೌಕ, ಮೂಲೆಯಲ್ಲಿ ತೂತು, ಹಾಗಾಗಿ ತೂಗುಹಾಕಿದಾಗ ವಜ್ರಾಕಾರದಲ್ಲಿ ನಿಲ್ಲುತ್ತದೆ. ಅದರ ಮೇಲೆ ಊರಿನ ಹೆಸರು, ವರ್ಷ, ಸಂಖ್ಯೆ, ಮತ್ತೆ ಕೆಲಸ: ಮನೆಯಾಳು, ಹಮಾಲಿ, ಮೀನುಗಾರ, ಹಣ್ಣು ಮಾರುವವರು, ಹೀಗೆ. ಹೆಸರು ಮಾತ್ರ ಇರುವುದಿಲ್ಲ. ಒಬ್ಬ ಮನುಷ್ಯನ ಎದೆ ಮೇಲೆ ಊರಿನ ಹೆಸರಿದೆ, ಕೆಲಸದ ಹೆಸರಿದೆ, ಅವನ ಹೆಸರಿಲ್ಲ. ಕೆಲವದರ ಹಿಂದೆ ತಯಾರಕ ಲಾಫಾರ್‌ನ ಮುದ್ರೆ ಇರುತ್ತದೆ, ತಯಾರಕನಿಗೆ ಆ ಗೌರವ ಸಿಕ್ಕಿದೆ.

ಮಾರುಕಟ್ಟೆಯಲ್ಲಿ ನಕಲಿ ತುಂಬಾ ಇವೆ. ಬೇರೆ ಬೇರೆ ಊರಿನ ಹೆಸರು ಹಾಕಿ, ಬೇಡದ ಪದಗಳನ್ನು ಕೆತ್ತಿ ಮಾರುತ್ತಾರೆ. ಆ ಜನರ ಪಾಡನ್ನು ಹೀಗೆ ನಕಲು ಮಾಡಿ ಮಾರುವುದು ನನಗೆ ತೀರಾ ಹೇಸಿಗೆ ಅನ್ನಿಸುತ್ತದೆ. ಅಸಲಿ ಸಿಕ್ಕಿದರೆ ಅದನ್ನು ಮ್ಯೂಸಿಯಂನವರಿಗೆ ತೋರಿಸಲೇಬೇಕು.

ಹೊಲದಂಚು ಅವರ ಬಿಲ್ಲೆಯಲ್ಲಿ ಊರಿಲ್ಲ, ವರ್ಷ ಇಲ್ಲ, ಕೆಲಸ ಇಲ್ಲ. ನನ್ನ ಕಣ್ಣು ಹೋಗಿದ್ದು ಸೀಳಿನ ಮೇಲೆ. ದುಂಡು ತೂತಿದ್ದರೆ ದಾರ, ಸರಪಳಿ, ಮೊಳೆ, ಕೀಲಿಕೈ ಉಂಗುರ, ಏನು ಬೇಕಾದರೂ ಇರಬಹುದು. ಉದ್ದ ಸೀಳು ಅಂದರೆ ಚಪ್ಪಟೆಯಾದ್ದು ತೂರಿಸಲು. ಅಂದರೆ ಪಟ್ಟಿ. ಸೀಳಿನ ಹತ್ತಿರದ ಫೋಟೋ ಒಂದು ಹಾಕಿ.

ಹೊಲದಂಚು
ಹಾಕಿದೆ. ನೋಡಿ, ಸೀಳಿನ ಕೆಳ ಅಂಚು ಚೂಪಾಗೇ ಇದೆ. ಮೇಲಿನ ಅಂಚು ಮಾತ್ರ ನಡುವಲ್ಲಿ ಸವೆದು ಒಳಗೆ ಬಾಗಿದೆ, ಬೆರಳಾಡಿಸಿದರೆ ನುಣುಪಾಗಿ ಜಾರುತ್ತದೆ. ಮೊದಲು ನಾನು ಇದನ್ನು ಗಮನಿಸಿರಲಿಲ್ಲ.

ಹಳೆಹಳಿ
ಆ ಸವೆತ ನೋಡಿ ಖುಷಿಯಾಯಿತು. ಇದು ರೈಲಿನ ಲಗೇಜ್ ಬಿಲ್ಲೆ. ತೊಗಲಿನ ಪಟ್ಟಿಯಲ್ಲಿ ತೂಗಾಡಿ ತೂಗಾಡಿ ಬಿಲ್ಲೆಯ ಭಾರವೆಲ್ಲ ಸೀಳಿನ ಮೇಲಂಚಿಗೆ ಬೀಳುತ್ತದೆ, ಅದಕ್ಕೇ ಅಲ್ಲಿ ಮಾತ್ರ ಸವೆಯುತ್ತದೆ.

ಅಮೆರಿಕದ ರೈಲುಗಳಲ್ಲಿ 19ನೇ ಶತಮಾನದಲ್ಲಿ ಲಗೇಜ್ ಕೊಡುವ ಕ್ರಮ ಹೀಗಿತ್ತು. ಒಂದೇ ಸಂಖ್ಯೆಯ ಎರಡು ಹಿತ್ತಾಳೆ ಬಿಲ್ಲೆ. ಒಂದನ್ನು ತೊಗಲಿನ ಪಟ್ಟಿಯಿಂದ ಪೆಟ್ಟಿಗೆಯ ಹಿಡಿಗೆ ಕಟ್ಟುತ್ತಿದ್ದರು, ಇನ್ನೊಂದು ಪ್ರಯಾಣಿಕರ ಕೈಗೆ. ಇಳಿದ ಊರಲ್ಲಿ ಕೈಯಲ್ಲಿರುವುದನ್ನು ಕೊಟ್ಟರೆ ಅದೇ ಸಂಖ್ಯೆಯ ಪೆಟ್ಟಿಗೆ ಸಿಗುತ್ತಿತ್ತು. ಆಮೇಲೆ ಎರಡೂ ಬಿಲ್ಲೆ ಕಂಪನಿಗೇ ವಾಪಸ್, ಮತ್ತೊಬ್ಬರ ಪೆಟ್ಟಿಗೆಗೆ. ವರ್ಷಗಟ್ಟಲೆ ಇದೇ ಓಡಾಟ. ಶತಮಾನದ ಕೊನೆಯ ಹೊತ್ತಿಗೆ ಕಾಗದ, ರಟ್ಟಿನ ಚೀಟಿಗಳು ಹಿತ್ತಾಳೆಯ ಜಾಗಕ್ಕೆ ಬಂದವು.

ಈಗ ಅಕ್ಷರದ ವಿಷಯ. ನಿಜವಾದ ಒಗಟು ಇಲ್ಲಿದೆ. 'ಎನ್. ವೈ.' ಅಂತ ಶುರುವಾಗಿ '& ಎಚ್.' ಅಂತ ಹೋಗುವ ಕಂಪನಿ ಆ ಭಾಗದಲ್ಲಿ ಒಂದಲ್ಲ, ಮೂರು:

ನ್ಯೂಯಾರ್ಕ್ & ಹಾರ್ಲೆಮ್ ರೈಲ್‌ರೋಡ್: ಎನ್.ವೈ. & ಎಚ್.ಆರ್.ಆರ್. ಇದಕ್ಕೆ 1831ರಲ್ಲಿ ಸನ್ನದು ಸಿಕ್ಕಿತ್ತು, 1873ರಲ್ಲಿ ದೊಡ್ಡ ಕಂಪನಿಗೆ ಗುತ್ತಿಗೆಗೆ ಹೋಯಿತು.

ನ್ಯೂಯಾರ್ಕ್, ನ್ಯೂ ಹೇವನ್ & ಹಾರ್ಟ್‌ಫರ್ಡ್ ರೈಲ್‌ರೋಡ್: ಎನ್.ವೈ.ಎನ್.ಎಚ್. & ಎಚ್.ಆರ್.ಆರ್. ಇದು 1872ರಲ್ಲಿ ಎರಡು ಕಂಪನಿ ಸೇರಿ ಆದದ್ದು.

ನ್ಯೂಯಾರ್ಕ್ ಸೆಂಟ್ರಲ್ & ಹಡ್ಸನ್ ರಿವರ್ ರೈಲ್‌ರೋಡ್: ಎನ್.ವೈ.ಸಿ. & ಎಚ್.ಆರ್.ಆರ್.ಆರ್. ಕಾರ್ನೀಲಿಯಸ್ ವಾಂಡರ್‌ಬಿಲ್ಟ್ 1869ರಲ್ಲಿ ಎರಡನ್ನು ಸೇರಿಸಿ ಕಟ್ಟಿದ ಕಂಪನಿ. 1914ರ ಕೊನೆಯಲ್ಲಿ ಇನ್ನೊಂದು ವಿಲೀನ ಆಗಿ ಬರೀ ನ್ಯೂಯಾರ್ಕ್ ಸೆಂಟ್ರಲ್ ಆಯಿತು, 'ಹಡ್ಸನ್ ರಿವರ್' ಹೆಸರಿನಿಂದ ಬಿದ್ದುಹೋಯಿತು.

ನೋಡಿದಿರಾ? 'ರೈಲ್‌ರೋಡ್' ಅನ್ನುವುದಕ್ಕೆ ಎಲ್ಲದರಲ್ಲೂ ಎರಡು 'ಆರ್', ಜೊತೆಗೆ 'ರಿವರ್' ಇರುವುದರಿಂದ ಕೊನೆಯದಕ್ಕೆ ಮಾತ್ರ ಮೂರು 'ಆರ್'. ಇನ್ನು 'ವೈ' ಮತ್ತು '&' ನಡುವೆ ಹಾರ್ಲೆಮ್‌ಗೆ ಅಕ್ಷರವೇ ಇಲ್ಲ, ಸೆಂಟ್ರಲ್‌ಗೆ ಒಂದು, ನ್ಯೂ ಹೇವನ್‌ಗೆ ಎರಡು. ಗೀರಿನ ಕೆಳಗೆ ಎಷ್ಟು ಅಕ್ಷರ ಹಿಡಿಸುತ್ತದೆ ಅಂತ ಅಳೆದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಕೀಲಿಕೈ
'&' ಅನ್ನುವುದು ಬರೀ ಕಿಲುಬಿನ ಗೆರೆ ಆಗಿದ್ದರೆ?

ಹಳೆಹಳಿ
ಒಳ್ಳೆ ಪ್ರಶ್ನೆ. ಆಗ ಇನ್ನೊಂದು ಸಾಧ್ಯತೆ ಇತ್ತು. ವಿಲೀನಕ್ಕೆ ಮುಂಚೆ ಹಡ್ಸನ್ ರಿವರ್ ರೈಲ್‌ರೋಡ್ ಬೇರೆಯೇ ಕಂಪನಿ, 1851ರಲ್ಲಿ ನದಿಯ ಪೂರ್ವದಡದಲ್ಲಿ ನ್ಯೂಯಾರ್ಕ್‌ನಿಂದ ಆಲ್ಬನಿ ಎದುರಿನವರೆಗೆ ದಾರಿ ಪೂರ್ತಿ ಮಾಡಿತ್ತು. ಅದು ಎಚ್.ಆರ್.ಆರ್.ಆರ್. ಆದರೆ ಇಲ್ಲಿ ಅದೇ ಕಮಾನಿನ ಶುರುವಿನಲ್ಲಿ 'ಎನ್', 'ವೈ' ಸ್ಪಷ್ಟವಾಗಿವೆ, ಅಕ್ಷರದ ಎತ್ತರವೂ ಒಂದೇ. ಹಾಗಾಗಿ ಆ ಹಳೇ ಕಂಪನಿ ಅಲ್ಲ.

@ಹೊಲದಂಚು, ಒಂದು ಕೆಲಸ ಮಾಡಿ. ಕಮಾನಿನ ಅಕ್ಷರಗಳನ್ನು ಸಾಮಾನ್ಯವಾಗಿ ಬಿಲ್ಲೆಯ ನಡುಗೆರೆಗೆ ಎರಡೂ ಕಡೆ ಸಮನಾಗಿ ಹೊಡೆದಿರುತ್ತಾರೆ. ಎಡ ಅಂಚಿನಿಂದ 'ಎನ್' ಎಷ್ಟು ದೂರ, ಬಲ ಅಂಚಿನಿಂದ ಕೊನೆಯ ಸ್ಪಷ್ಟ 'ಆರ್' ಎಷ್ಟು ದೂರ, ಅಳೆದು ಹೇಳಿ. ಬಲಗಡೆ ಜಾಸ್ತಿ ಜಾಗ ಉಳಿದಿದ್ದರೆ ಅಲ್ಲಿ ಇನ್ನೊಂದು ಅಕ್ಷರ ಇದ್ದಿರಲೇಬೇಕು.

ಹೊಲದಂಚು
ಅಳೆದೆ. ಎಡಗಡೆ 4 ಮಿ.ಮೀ., ಬಲಗಡೆ 8 ಮಿ.ಮೀ. ಒಂದು ಅಕ್ಷರದ ಅಗಲ 3 ಮಿ.ಮೀ.ಗಿಂತ ಸ್ವಲ್ಪ ಕಡಿಮೆ, ಪಕ್ಕದ ಚುಕ್ಕಿ ಸೇರಿಸಿದರೆ ಹತ್ತಿರ ಹತ್ತಿರ 4. ಅಂದರೆ ಬಲಗಡೆ ಸರಿಯಾಗಿ ಒಂದು ಅಕ್ಷರದ ಜಾಗ! 'ವೈ' ಮತ್ತು '&' ನಡುವಿನ ಜಾಗವನ್ನೂ ಅಳೆದೆ, ಅಲ್ಲೂ ಒಂದೇ ಅಕ್ಷರ ಹಿಡಿಸುತ್ತದೆ, ಎರಡು ತುರುಕಿದರೂ ಹೋಗುವುದಿಲ್ಲ.

ನೀಲಿಬೆಟ್ಟ
ಹಾಗಾದರೆ ಸೆಂಟ್ರಲ್ & ಹಡ್ಸನ್ ರಿವರ್! ಮೈ ಜುಮ್ ಅಂತಿದೆ.

ತಾಮ್ರಪಟ
ಅಳತೆ ಒಪ್ಪುತ್ತದೆ, ಆದರೂ ಕಣ್ಣಲ್ಲಿ ನೋಡಿದ ಮೇಲೆ ಬರೆದಿಟ್ಟುಕೊಳ್ಳೋಣ. ಟಾರ್ಚ್ ಫೋಟೋ ಬರಲಿ. 'ಸಿ' ಬಾಗಿದ ಅಕ್ಷರ, ಎಡಗಡೆಯಿಂದ ಬೆಳಕು ಬಿಟ್ಟರೆ ಅದರ ಬೆನ್ನಿನ ನೆರಳು ಮೊದಲು ಕಾಣುತ್ತದೆ.

ಶ್ರೀಧರ_ಎಮ್
ಸುಮ್ನೆ ಓದುತ್ತಿದ್ದೆ, ಒಂದು ಸಂದೇಹ. ರೈಲ್ವೆಯವರು ಉಪಕರಣ ಕೊಡುವಾಗಲೂ ಇಂಥ ಹಿತ್ತಾಳೆ ಬಿಲ್ಲೆ ಇಟ್ಟುಕೊಳ್ಳುತ್ತಿದ್ದರಲ್ಲ? ಕೆಲಸಗಾರ ತನ್ನ ಸಂಖ್ಯೆಯ ಬಿಲ್ಲೆ ಕೊಟ್ಟು ಸುತ್ತಿಗೆ ತಗೊಳ್ಳುವುದು, ಸಂಜೆ ಸುತ್ತಿಗೆ ಕೊಟ್ಟು ಬಿಲ್ಲೆ ತಗೊಳ್ಳುವುದು. ಗಣಿಗಳಲ್ಲೂ ಹೀಗೇ ಇತ್ತು. ಅದು ಯಾಕಾಗಬಾರದು?

ಹಳೆಹಳಿ
ಆಗಬಹುದಿತ್ತು, ನಿಮ್ಮ ಸಂದೇಹ ಸರಿಯಾದದ್ದೇ. ಗಣಿಯ ಬಿಲ್ಲೆಗಂತೂ ಜೀವದ ಲೆಕ್ಕ. ಕೆಳಗೆ ಇಳಿಯುವವನು ಬಿಲ್ಲೆ ಕೊಟ್ಟು ದೀಪ ತಗೊಂಡು ಹೋಗುತ್ತಿದ್ದ. ಅವಘಡ ಆದಾಗ ಹಲಗೆಯಲ್ಲಿ ಯಾರ ಬಿಲ್ಲೆ ಉಳಿದಿದೆ ಅಂತ ನೋಡಿ ಯಾರು ಇನ್ನೂ ಕೆಳಗಿದ್ದಾರೆ ಅಂತ ತಿಳಿಯುತ್ತಿದ್ದರು. ಆದರೆ ಹಲಗೆಯ ಮೊಳೆಗೆ ನೇತುಹಾಕುವುದಕ್ಕೆ ದುಂಡು ತೂತು ಸಾಕು. ಉಪಕರಣದ ಬಿಲ್ಲೆ ಸಾಮಾನ್ಯವಾಗಿ ಚಿಕ್ಕದು, ದುಂಡಗೆ, ಸಣ್ಣ ತೂತು. ಇಲ್ಲಿ ಅಗಲವಾದ ಸೀಳು, ಪಟ್ಟಿಯ ಸವೆತ ಎರಡೂ ಇವೆ. ಅದಕ್ಕೇ ಲಗೇಜ್ ಬಿಲ್ಲೆ ಅಂತ ಧೈರ್ಯವಾಗಿ ಹೇಳುತ್ತಿದ್ದೇನೆ.

ಹಿಂಬದಿಯನ್ನೂ ಟಾರ್ಚ್ ಹಾಕಿ ನೋಡಿ. ಅಮೆರಿಕನ್ ರೈಲ್ವೆ ಸಪ್ಲೈ ಕಂಪನಿ, ಷಿಕಾಗೋದ ಪೂಲ್ ಬ್ರದರ್ಸ್, ಡಬ್ಲ್ಯು. ಡಬ್ಲ್ಯು. ವಿಲ್‌ಕಾಕ್ಸ್, ಇಂಥ ತಯಾರಕರು ಅಂಚಿನ ಹತ್ತಿರ ಸಣ್ಣಕ್ಕೆ ಹೆಸರು ಹೊಡೆಯುತ್ತಿದ್ದರು. ಸಿಕ್ಕಿದರೆ ಕಾಲ ಇನ್ನಷ್ಟು ಹತ್ತಿರಕ್ಕೆ ತರಬಹುದು.

ಸೀಮೆಸುಣ್ಣ
ಪೆಟ್ಟಿಗೆಯ ಬಿಲ್ಲೆ ಹೊಲಕ್ಕೆ ಹೇಗೆ ಬಂತು? ಸಂಖ್ಯೆ ಹಿಡಿದು ಆ ಪ್ರಯಾಣಿಕರು ಯಾರು ಅಂತ ಹುಡುಕಬಹುದಾ?

ಹಳೆಹಳಿ
ಪ್ರಯಾಣಿಕರನ್ನು ಹುಡುಕಲು ಆಗುವುದಿಲ್ಲ. ಸಂಖ್ಯೆ ಯಾರ ಹೆಸರಿಗೂ ಸೇರಿದ್ದಲ್ಲ. ಇವತ್ತು ಒಬ್ಬರ ಪೆಟ್ಟಿಗೆ, ನಾಳೆ ಇನ್ನೊಬ್ಬರದು. ಒಂದೇ ಬಿಲ್ಲೆ ಎಷ್ಟೋ ಜನರ ಸಾಮಾನು ಕಾದಿರುತ್ತದೆ. ನನಗೆ ಇಂಥ ಬಿಲ್ಲೆಗಳ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಹೊಲಕ್ಕೆ ಬಂದ ದಾರಿ ಎರಡು ಇರಬಹುದು. ಪಟ್ಟಿ ಹರಿದು ದಾರಿಯಲ್ಲಿ ಬಿದ್ದಿರಬಹುದು. ಇಲ್ಲವೇ ಗೊಬ್ಬರದ ಜೊತೆ ಬಂದಿರಬಹುದು. ಆ ಕಾಲದಲ್ಲಿ ಪಟ್ಟಣದ ಲದ್ದಿ, ಬೀದಿ ಕಸ, ಬೂದಿ ಎಲ್ಲವನ್ನೂ ಸುತ್ತಲ ಹೊಲಗಳಿಗೆ ಹೊಡೆಯುತ್ತಿದ್ದರು. ಹೊಲದಲ್ಲಿ ಸಿಗುವ ಗುಂಡಿ, ನಾಣ್ಯ, ಬಿಲ್ಲೆ ಎಷ್ಟೋ ಹಾಗೇ ಬಂದವು. ಬಿಲ್ಲೆಯ ಸುತ್ತ ಪಿಂಗಾಣಿ ಚೂರು, ಬೂದಿ, ಕಲ್ಲಿದ್ದಲ ಕಿಟ್ಟ ಇತ್ತಾ?

ಹೊಲದಂಚು
ಕಲ್ಲಿದ್ದಲ ಕಿಟ್ಟ ತುಂಬಾ ಇತ್ತು, ಬಿಳಿ ಪಿಂಗಾಣಿ ಚೂರುಗಳೂ ಇದ್ದವು. ಚೌಕನೆ ಮೈಯ ಮೊಳೆಗಳು ಸಿಕ್ಕಿದವು.

ತಾಮ್ರಪಟ
ಚೌಕನೆ ಮೊಳೆ ಅಂದರೆ ತಗಡಿನಿಂದ ಕತ್ತರಿಸಿ ಮಾಡಿದ ಮೊಳೆ. 1890ರ ದಶಕದಲ್ಲಿ ದುಂಡನೆ ತಂತಿ ಮೊಳೆ ಅದರ ಜಾಗ ಹಿಡಿಯಿತು. ನೀವು ಹೇಳುತ್ತಿರುವ ಕಾಲಕ್ಕೆ ಹೊಂದುತ್ತದೆ. ಆದರೆ ಉಳುಮೆ ಆದ ಮಣ್ಣಲ್ಲಿ ಬೇರೆ ಬೇರೆ ಕಾಲದ್ದು ಕಲಸಿಹೋಗಿರುತ್ತದೆ, ಹಾಗಾಗಿ ಮೊಳೆಯನ್ನು ಸಾಕ್ಷಿ ಅಂತ ಎಣಿಸಬೇಡಿ, ಜೊತೆಗೆ ಸಿಕ್ಕಿದ್ದು ಅಂತ ಬರೆದಿಡಿ ಅಷ್ಟೇ.

ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಇನ್ನೊಂದು ಮಾತು. ಅಕ್ಷರವೇ ಇಲ್ಲದ ಬಿಲ್ಲೆ ಸಿಕ್ಕಿದಾಗ ಲೋಹ ಕಾಲ ಹೇಳುತ್ತದೆ. ಅಲ್ಯೂಮಿನಿಯಂ ಇದ್ದರೆ ಬಹುಪಾಲು 1890ರ ನಂತರದ್ದು. 1886ರಲ್ಲಿ ವಿದ್ಯುತ್ತಿನಿಂದ ಅದನ್ನು ತೆಗೆಯುವ ದಾರಿ ಸಿಕ್ಕಿದ ಮೇಲೇ ಅದು ಅಗ್ಗ ಆದದ್ದು, ಅಲ್ಲಿಯವರೆಗೆ ಅದರಲ್ಲಿ ಇಂಥ ದಿನಬಳಕೆಯ ಬಿಲ್ಲೆ ಮಾಡುವುದು ದುಬಾರಿ. ಮೈ ಬೂದು, ಸುಣ್ಣದ ಪುಡಿ ಥರ ಉದುರಿದರೆ ಸತು ಇರಬಹುದು. ಅಂಕಿಗಳು ಓರೆಕೋರೆ ಇದ್ದರೆ ಒಂದೊಂದಾಗಿ ಕೈಯಲ್ಲಿ ಹೊಡೆದದ್ದು, ಎಲ್ಲ ಒಂದೇ ಸಾಲಿಗೆ ಕೂತಿದ್ದರೆ ಅಚ್ಚಿನಲ್ಲಿ ಬಂದದ್ದು.

ಶ್ರೀಧರ_ಎಮ್
ರೈಲು ದಾರಿ ಪಕ್ಕ ಹುಡುಕಲು ಒಪ್ಪಿಗೆ ಬೇಕಾ? ನನಗೂ ಆಸೆ ಆಗುತ್ತಿದೆ.

ಹೊಲದಂಚು
ಬೇಕೇ ಬೇಕು. ರೈಲು ಕಂಪನಿಯ ಜಾಗ ಖಾಸಗಿ ಜಾಗ, ಅಪಾಯ ಬೇರೆ. ನಾನು ಅದರೊಳಗೆ ಕಾಲಿಟ್ಟಿಲ್ಲ, ಹೊಲದ ಮಾಲೀಕರ ಹತ್ತಿರ ಬರಹದಲ್ಲಿ ಒಪ್ಪಿಗೆ ಇದೆ. ಸಿಕ್ಕಿದ್ದನ್ನೆಲ್ಲ ಅವರಿಗೆ ತೋರಿಸುತ್ತೇನೆ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಜಮೀನಲ್ಲಿ ಅನುಮತಿ ಇಲ್ಲದೆ 100 ವರ್ಷಕ್ಕಿಂತ ಹಳೆಯ ಪುರಾತತ್ವ ವಸ್ತು ಅಗೆದು ತೆಗೆದರೆ 1979ರ ಕಾನೂನಿನಲ್ಲಿ ಅಪರಾಧ. ರಾಜ್ಯದ ಜಮೀನಿಗೆ ಬೇರೆ ನಿಯಮ. ಮೊದಲು ಕೇಳಿ, ಆಮೇಲೆ ಡಿಟೆಕ್ಟರ್ ಆನ್ ಮಾಡಿ.

ಈಗ ಟಾರ್ಚ್ ಫೋಟೋ ಹಾಕಿದ್ದೇನೆ. ನಾಲ್ಕನೆಯದು ನೋಡಿ. ಗೀರಿನ ಕೆಳಗೆ ಎಡಬದಿಯ ಬಾಗು ಚೆನ್ನಾಗಿ ಕಾಣುತ್ತದೆ, ಬಲಗಡೆ ತೆರೆದಿದೆ. ಆರನೆಯದರಲ್ಲಿ ಕೊನೆಯ ಅಕ್ಷರದ ನೇರ ಕಂಬ, ಕೆಳಗೆ ಓರೆಯಾದ ಕಾಲು.

ಹಳೆಹಳಿ
'ಸಿ'. ಮೂರನೇ 'ಆರ್'. ಇನ್ನು ಅನುಮಾನ ಬೇಡ. ನ್ಯೂಯಾರ್ಕ್ ಸೆಂಟ್ರಲ್ & ಹಡ್ಸನ್ ರಿವರ್ ರೈಲ್‌ರೋಡ್, 1869 ರಿಂದ 1914. ಹಿತ್ತಾಳೆ ಆದ್ದರಿಂದ ಈ ಅವಧಿಯ ಮೊದಲ ಭಾಗಕ್ಕೇ ನನ್ನ ಒಲವು. ಅದಕ್ಕಿಂತ ಕಿರಿದು ಮಾಡಲು ತಯಾರಕರ ಹೆಸರು ಬೇಕು.

ತಾಮ್ರಪಟ
ಒಪ್ಪಿದೆ. ಎಷ್ಟು ಚೆನ್ನಾಗಿ ಕಂಡಿದೆ ನೋಡಿ. ಉಜ್ಜಿದ್ದರೆ ಆ 'ಸಿ'ಯ ಬಾಗು ಇವತ್ತು ಇರುತ್ತಿರಲಿಲ್ಲ.

ಕೀಲಿಕೈ
ನಿಂಬೆರಸದ ಸಲಹೆ ವಾಪಸ್ ತಗೊಂಡೆ. ಅಂದಹಾಗೆ ಮಸುಕಾದ ಅಂಕಿ ಏನು? ನನಗೆ 3 ಅನ್ನಿಸುತ್ತದೆ.

ನೀಲಿಬೆಟ್ಟ
ನನಗೆ 8.

ತಾಮ್ರಪಟ
ಪಕ್ಕದಲ್ಲೇ ಚೆನ್ನಾಗಿರುವ 8 ಇದೆಯಲ್ಲ, ಅದರ ಜೊತೆ ಹೋಲಿಸಿ. ಅಂಕಿಗಳು ಕೈಯಲ್ಲಿ ಹೊಡೆದದ್ದು, ಒಂದೇ ಬಿಲ್ಲೆಗೆ ಎರಡು 8 ಬೇಕಾದಾಗ ಸಾಮಾನ್ಯವಾಗಿ ಅದೇ ಅಚ್ಚು ಬಳಸುತ್ತಾರೆ. ಕೊನೆಯ 8ರ ಸೊಂಟದಲ್ಲಿ ಎಡಕ್ಕೆ ಒಂದು ಸಣ್ಣ ಕೊರೆ ಇದೆ, ಅಚ್ಚು ಮುಕ್ಕಾದ ಗುರುತು. ಮಸುಕಾದ ಅಂಕಿಯಲ್ಲೂ ಅದೇ ಕೊರೆ ಇದೆಯಾ ಅಂತ ಎಡದಿಂದ ಬೆಳಕು ಬಿಟ್ಟು ನೋಡಿ.

ಹೊಲದಂಚು
ಈಗಷ್ಟೇ ನೋಡಿದೆ. ಕೊರೆ ಇಲ್ಲ. ಎಡಬದಿ ಮೇಲೆ ಕೆಳಗೆ ಎರಡೂ ಕಡೆ ತೆರೆದಿದೆ. 7438. ಫೋಟೋ ಹಾಕಿದ್ದೇನೆ. ಹಿಂಬದಿ ಇನ್ನೂ ನೀರಲ್ಲೇ ನೆನೆಯುತ್ತಿದೆ, ಅಂಚಿನಲ್ಲಿ ಸಣ್ಣ ಅಕ್ಷರಗಳ ಒಂದು ಸಾಲು ಇದ್ದ ಹಾಗಿದೆ. ಮಣ್ಣು ಬಿಟ್ಟ ಮೇಲೆ ಇಲ್ಲೇ ಹಾಕುತ್ತೇನೆ.